ಮೂರನೇ ಸಾಲು

ಮಾರ್ಚ್ 19, ಗುರುವಾರ
ಬೆಳಿಗ್ಗೆ ಹತ್ತು ಗಂಟೆ, ಅಡುಗೆಮನೆಯ ಮೇಜು

ನನ್ನ ಸೊಸೆಗೆ,

ಅತ್ತೆಯ ವಂದನೆ. ನಾನು ಕ್ಷೇಮ. ನೀನೂ ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಇಷ್ಟು ಬರೆಯುವುದರೊಳಗೆ ಬೆರಳು ಸೆಟೆದುಕೊಂಡಿತು. ಈ ಕಾಗದ ನಾನಾಗಿ ಬರೆಯುತ್ತಿಲ್ಲ, ನನ್ನಿಂದ ಬರೆಸುತ್ತಿದ್ದಾರೆ. ನಿನಗೆ ಆರು ಸಲ ಫೋನು ಮಾಡಿದೆ, ಎತ್ತಲಿಲ್ಲ. ಏಳನೇ ಸಲ ನಮ್ಮ ಚರ್ಚಿನ ಪಾಲಕರ ಫೋನಿನಿಂದ ಮಾಡಿದೆ, ನೀನು ಎತ್ತಿದೆ. ನನ್ನ ದನಿ ಕಿವಿಗೆ ಬಿದ್ದದ್ದೇ ತಡ, ಬಂದರಿನಲ್ಲಿ ಕ್ರೇನಿನ ಮೇಲಿದ್ದೇನೆ ಎಂದು ಇಟ್ಟುಬಿಟ್ಟೆ. ಪಾಲಕರು ನನ್ನ ಮುಖ ನೋಡಿ, "ಅಮ್ಮಾ, ನೀವು ಬಾಯಲ್ಲಿ ಹೇಳಿದ್ರೆ ಎರಡನೇ ಮಾತಿಗೆ ಜಗಳ ಆಗುತ್ತೆ. ಕೂತ್ಕೊಂಡು ಬರೀರಿ" ಅಂದರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಆಸ್ಪತ್ರೆಯ ಲಾಂಡ್ರಿಗೆ ಸೇರಿದವಳಿಗೆ ಹೇಳುವ ಮಾತೇ ಇದು? ಗೆರೆ ಹಾಕಿದ ಹಾಳೆಯನ್ನೂ ಅವರೇ ಕೊಟ್ಟಿದ್ದಾರೆ, ಮಗುವಿಗೆ ಕೊಟ್ಟ ಹಾಗೆ. ಪೆನ್ನು ಸೋರುತ್ತದೆ.

ತಪ್ಪಿದ್ದರೆ ತಿದ್ದಿಕೊಂಡು ಓದು. ಹೊಡೆದುಹಾಕಿದ ಕಡೆಯೆಲ್ಲ ಬೆಳಕಿಗೆ ಹಿಡಿದು ಏನಿತ್ತು ಅಂತ ನೋಡಲು ಹೋಗಬೇಡ. ಬೇಡ ಅಂತಲೇ ಹೊಡೆದುಹಾಕಿರುವುದು.

ವಿಷಯ ಇಷ್ಟೇ. ಏಪ್ರಿಲ್ ಹನ್ನೆರಡಕ್ಕೆ ಈಸ್ಟರ್. ಆ ಬೆಳಗಿನ ಮೊದಲ ಹಾಡು ಯಾವುದು ಅಂತ ನೀನು ಹೇಳಬೇಕು. ಹೇಳಿದರೆ ಸಾಲದು, ಬಂದು ನೀನೇ ಅದನ್ನು ಎತ್ತಬೇಕು.

ಹನ್ನೊಂದು ವರ್ಷ ನಮ್ಮ ಸಭೆಗೆ ಬಂದೆ, ಹಿಂದಿನ ಬೆಂಚಿನಲ್ಲಿ ಕೂತೆ, ಎದ್ದು ಹೋದೆ. ನಮ್ಮಲ್ಲಿ ಯಾವುದು ಯಾಕೆ ಹೀಗೆ ಅಂತ ಯಾರೂ ನಿನ್ನನ್ನು ಕೂರಿಸಿಕೊಂಡು ಹೇಳಿರಲಿಕ್ಕಿಲ್ಲ. ಹೇಳಬೇಕಾದವಳು ನಾನು. ಹೇಳಲಿಲ್ಲ. ಈಗ ಹೇಳುತ್ತೇನೆ.

ಬೇರೆ ಸಭೆಗಳಲ್ಲಿ ಈಸ್ಟರಿನ ಹಾಡುಗಳನ್ನು ಪಾಲಕರೂ ಕ್ವಾಯರ್ ನಡೆಸುವವರೂ ಕೂತು ಆರಿಸುತ್ತಾರೆ. ನಮ್ಮಲ್ಲೂ ಹಾಗೆಯೇ, ಮೊದಲನೆಯದೊಂದನ್ನು ಬಿಟ್ಟು. ಮೊದಲನೆಯದು ಸಾವಾದ ಮನೆಯದು. ಹೋದ ಈಸ್ಟರಿನಿಂದ ಈಚೆಗೆ ಯಾರ ಮನೆಯವರನ್ನು ಕೊನೆಯದಾಗಿ ಮಣ್ಣು ಮಾಡಿದೆವೋ ಆ ಮನೆಯವರು ಆರಿಸಬೇಕು. ಗಂಡ ಹೋಗಿದ್ದರೆ ಹೆಂಡತಿ, ಹೆಂಡತಿ ಹೋಗಿದ್ದರೆ ಗಂಡ. ಇಬ್ಬರೂ ಇಲ್ಲದಿದ್ದರೆ ಮಾತ್ರ ಮಿಕ್ಕವರು. ಬೆಳಗಿನ ಐದೂವರೆಗೆ ಎಲ್ಲರೂ ಬಂದು ಕತ್ತಲಲ್ಲಿ ಕೂರುತ್ತೇವಲ್ಲ, ದೀಪವಿಲ್ಲ, ಆರ್ಗನ್ ಇಲ್ಲ, ಪಕ್ಕದವರಿಗೆ ವಂದನೆ ಕೂಡ ಇಲ್ಲ, ಆ ಹೊತ್ತಿನಲ್ಲಿ ಆ ಮನೆಯ ಮನುಷ್ಯ ಎದ್ದು ಮೊದಲ ಸಾಲನ್ನು ಒಬ್ಬನೇ ಹಾಡಬೇಕು. ಎರಡನೇ ಸಾಲಿಗೆ ನಾವೆಲ್ಲ ಸೇರುತ್ತೇವೆ. ಯಾರು ಶುರು ಮಾಡಿದ ಪದ್ಧತಿಯೋ ಗೊತ್ತಿಲ್ಲ. ನಮ್ಮಮ್ಮನ ಕಾಲಕ್ಕೂ ಇತ್ತು. ಸತ್ತವರ ಮನೆಯವರೇ ಮೊದಲು ಬಾಯಿ ಬಿಟ್ಟು ಹೇಳಬೇಕು, ಪ್ರಭು ಸಾವಿನಿಂದ ಎದ್ದಿದ್ದಾನೆ ಅಂತ. ಬೇರೆಯವರು ಹೇಳಿದರೆ ಅದು ಸುಲಭದ ಮಾತು.

ಮೂವತ್ತೊಂದು ವರ್ಷದಿಂದ ಮನೆಗೆ ಹೋಗಿ ಹಾಡು ಕೇಳಿಕೊಂಡು ಬರುವ ಕೆಲಸ ನನ್ನದು. ನೀಲಿ ಪುಸ್ತಕವೊಂದು ನನ್ನ ಹತ್ತಿರ ಇದೆ, ವರ್ಷಕ್ಕೊಂದು ಸಾಲು, ಮನೆ ಯಾರದು, ಹಾಡಿನ ನಂಬರು ಎಷ್ಟು, ಅಷ್ಟೇ. ಕೇಳಲು ಹೋದವಳು ಇದು ಹಾಡಿ, ಅದು ಹಾಡಿ ಎಂದು ಸೂಚಿಸಬಾರದು, ಅವರು ಹೇಳಿದ್ದಕ್ಕೆ ಮುಖ ಸಿಂಡರಿಸಬಾರದು. ನನಗೆ ಈ ಕೆಲಸ ಯಾಕೆ ಕೊಟ್ಟರೋ ದೇವರಿಗೇ ಗೊತ್ತು. ಪಾಲಕರನ್ನು ಕೇಳಿದರೆ, "ನೀವು ಹೋದ್ರೆ ಯಾರೂ ನಾಟಕ ಆಡಲ್ಲಮ್ಮ, ಬೇಗ ಹೇಳಿಬಿಡ್ತಾರೆ" ಅನ್ನುತ್ತಾರೆ.

ಒಂದು ವರ್ಷದ್ದು ಹೇಳುತ್ತೇನೆ. ನೀನಿನ್ನೂ ಬಂದಿರಲಿಲ್ಲ. ಬ್ರೆಡ್ ಅಂಗಡಿಯ ಗಂಡ ಹೆಂಡತಿಯ ಮೂರು ವರ್ಷದ ಮಗು ತೀರಿಹೋಯಿತು. ನಾನು ಪುಸ್ತಕ ಹಿಡಿದು ಹೋದೆ. ಓವನ್ನಿನ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿದರು. ಆ ತಾಯಿ ಹಿಟ್ಟು ನಾದುವುದನ್ನು ನಿಲ್ಲಿಸದೆಯೇ ಹೇಳಿದಳು, "ಕೈ ತಟ್ಟೋ ಹಾಡು ಬರ್ಕೊಳ್ಳಿ ಅಕ್ಕಾ." ಭಾನುವಾರದ ಶಾಲೆಯಲ್ಲಿ ಪುಟ್ಟ ಮಕ್ಕಳು ಕುಣಿದುಕೊಂಡು ಹಾಡುವುದು ಅದು. ಈಸ್ಟರ್ ಬೆಳಗಿಗೆ ಇದೇ? ಬಾಯಿಯ ತನಕ ಬಂತು, ನುಂಗಿಕೊಂಡೆ, ನಂಬರು ಬರೆದುಕೊಂಡೆ. ಆ ಬೆಳಿಗ್ಗೆ ಕತ್ತಲಲ್ಲಿ ತಂದೆ ಎದ್ದು ನಿಂತ. ದನಿ ಬರಲಿಲ್ಲ. ಆಮೇಲೆ ಒಂದು ಚಪ್ಪಾಳೆ ಕೇಳಿಸಿತು. ಒಬ್ಬನೇ ತಟ್ಟುತ್ತಿದ್ದಾನೆ. ತಾಳಕ್ಕೆ ಸರಿಯಾಗಿ, ಮೆಲ್ಲಗೆ. ಅವನ ಹೆಂಡತಿ ಸೇರಿದಳು. ಆಮೇಲೆ ಮುನ್ನೂರು ಜನ. ದೊಡ್ಡವರು, ಮುದುಕರು, ಕತ್ತಲಲ್ಲಿ ಕೂತು ಮಕ್ಕಳ ಹಾಗೆ ಕೈ ತಟ್ಟುತ್ತಾ ಹಾಡಿದೆವು. ಮಾಡಿನ ತಗಡು ನಡುಗಿತು ಕಣೇ. ನಾನು ಸುಲಭಕ್ಕೆ ಬೆರಗಾಗುವವಳಲ್ಲ, ನಿನಗೆ ಗೊತ್ತು. ಅವತ್ತು ಕಿಟಕಿಯಲ್ಲಿ ಬೆಳಕು ಬಂದಾಗ ನನ್ನ ಕೈ ನೋಡಿಕೊಂಡೆ, ಇದು ನನ್ನದೇ ಏನು ಅಂತ.

ಹಾಗಾಗಿ ಈ ಹಾಡನ್ನು ಸದರ ಮಾಡಬೇಡ ಅಂತ ಹೇಳುತ್ತಿದ್ದೇನೆ.

ನನ್ನ ಮಗ ಹೋದದ್ದು ನವೆಂಬರಿನಲ್ಲಿ. ಅವನಾದ ಮೇಲೆ ನಮ್ಮ ಸಭೆಯಲ್ಲಿ ಯಾರೂ ಸತ್ತಿಲ್ಲ. ಇದನ್ನು ಬರೆಯಬಾರದು, ಆದರೂ ಬರೆಯುತ್ತೇನೆ. ಯಾರಾದರೂ ಸಾಯಲಿ ಅಂತ ನಾನು ಕಾದೆ. ಯಾರ ಮೇಲೂ ಹಗೆಯಿಂದಲ್ಲ. ಇನ್ನೊಂದು ಸಮಾಧಿ ಆಗಿಬಿಟ್ಟರೆ ಹಾಡು ಅವರ ಮನೆಗೆ ಹೋಗುತ್ತದೆ, ನಾನು ನಿನಗೆ ಮುಖ ತೋರಿಸಬೇಕಾಗಿಲ್ಲ ಅಂತ. ಹಳೇ ಪೋಸ್ಟ್‌ಮ್ಯಾನ್ ಇದ್ದಾನಲ್ಲ, ಅವನ ಶ್ವಾಸಕೋಶ ಕ್ರಿಸ್ಮಸ್ ದಾಟುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ವಾರಕ್ಕೆ ಎರಡು ಸಲ ಬಿಸಿ ಸೂಪು ಮಾಡಿಕೊಂಡು ಅವನ ಮನೆಗೆ ಹೋದೆ. ಫೆಬ್ರವರಿಯಲ್ಲಿ ಒಂದು ದಿನ ಅವನು ದಿಂಬಿಗೆ ಒರಗಿ ನನ್ನನ್ನೇ ನೋಡಿದ. "ಏನಕ್ಕಾ, ನಲವತ್ತು ವರ್ಷ ಕಾಗದ ತಂದುಕೊಟ್ಟಾಗ ಒಂದು ಲೋಟ ನೀರು ಕೊಡದೆ ಇದ್ದವಳು, ಈಗ ಸೂಪು ಹೊತ್ಕೊಂಡು ಬರ್ತಿದ್ದೀಯ. ನನ್ನ ಕೆಮ್ಮು ಎಷ್ಟಾಯ್ತು ಅಂತ ಎಣಿಸೋಕೆ ಬರ್ತೀಯಾ?" ಅಂದ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹೌದು ಅಂದೆ. ಅವನು ನಕ್ಕು ನಕ್ಕು ಕೆಮ್ಮಿದ, ಕೆಮ್ಮಿ ಕೆಮ್ಮಿ ನಕ್ಕ, ಇಲ್ಲೇ ಹೋಗುತ್ತಾನೇನೋ ಎಂದು ನಾನೇ ಓಡಿಹೋಗಿ ಬೆನ್ನು ಉಜ್ಜಿದೆ. ಉಸಿರು ಸಿಕ್ಕ ಮೇಲೆ ಅಂದ, "ಈಸ್ಟರ್ ತನಕ ಸಾಯಲ್ಲ ಹೋಗು. ನಿನ್ನ ಮಗ ನನ್ನ ಸೈಕಲ್ಲಿಗೆ ಎಷ್ಟು ಸಲ ಚೈನು ಹಾಕಿಕೊಟ್ಟಿದ್ದಾನೆ. ಅವನ ಹಾಡನ್ನ ಕೇಳೇ ಹೋಗೋದು."

ಮನೆಗೆ ಬರುವಾಗ ಪಾತ್ರೆಯಲ್ಲಿ ಉಳಿದಿದ್ದ ಸೂಪನ್ನು ದಾರಿಯುದ್ದಕ್ಕೂ ಚೆಲ್ಲಿಕೊಂಡು ಬಂದೆ. ಅವನು ಇನ್ನೂ ಇದ್ದಾನೆ. ಹಠ ಹಿಡಿದು ಉಸಿರಾಡುತ್ತಿದ್ದಾನೆ. ಒಂದು ಹಾಡಿಗಾಗಿ ಒಬ್ಬ ಮನುಷ್ಯ ಹೀಗೆ ಬದುಕಿರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಮಿಕ್ಕ ಹಾಡುಗಳೆಲ್ಲ ಆಗಿವೆ. ಪಿಟೀಲು ಮೇಷ್ಟ್ರಿಗೂ ನನಗೂ ಎಂದಿನ ಹಾಗೆ ಜಗಳ ಆಯಿತು. ಕ್ವಾಯರ್ ನಡೆಸುವವನು ಅವನೇ ಆದರೂ ಜನ ಹೇಗೆ ಹಾಡುತ್ತಾರೆ ಅನ್ನುವುದು ಅವನಿಗೆ ಗೊತ್ತಿಲ್ಲ. ಎರಡನೇ ಹಾಡಿಗೆ ಮುಗಿಲು ಮುಟ್ಟುವ ಒಂದನ್ನು ಹಿಡಿದುಕೊಂಡು ಬಂದ. ಬೆಳಗಿನ ಹೊತ್ತು ಮನುಷ್ಯರ ಗಂಟಲು ಹೆಪ್ಪುಗಟ್ಟಿದ ಎಣ್ಣೆಯ ಹಾಗಿರುತ್ತದೆ, ಕರಗಲು ಎರಡು ಹಾಡಾದರೂ ಬೇಕು, ಏರುವುದನ್ನು ಕೊನೆಗೆ ಇಡು ಅಂದೆ. ಪ್ರಭುವಿನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಜನ ಸಾಲಾಗಿ ಹೋಗುವಾಗ ಏಳು ಚರಣದ್ದೇ ಬೇಕು, ಮುದುಕರ ಕಾಲು ನಿಧಾನ, ಹಾಡು ಮೊದಲು ಮುಗಿದರೆ ಚಪ್ಪಲಿ ಸದ್ದೊಂದೇ ಕೇಳುತ್ತದೆ. ಹುಡುಗರು ಗಿಟಾರ್ ಬೇಕು ಅಂದರು. ಕೊನೆಯ ಹಾಡಿಗೆ ಇಟ್ಟುಕೊಳ್ಳಿ ಅಂದೆ. ಬಾಯಿ ಮುಚ್ಚಿಕೊಂಡು ಒಪ್ಪಿದರು. ಮೊದಲನೆಯದಕ್ಕೆ ಮಾತ್ರ ಹಾಳೆಯಲ್ಲಿ ಜಾಗ ಖಾಲಿ ಇದೆ. ಅದು ನಾಲ್ಕು ಚರಣಕ್ಕಿಂತ ಹೆಚ್ಚು ಇರಬಾರದು. ಮೊದಲ ಚರಣ ಕತ್ತಲಲ್ಲಿ ಬಾಯಿಪಾಠ ಹೇಳುತ್ತೇವೆ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈಯಲ್ಲಿರುವ ಪುಸ್ತಕದ ಅಕ್ಷರ ಕಾಣುತ್ತದೆ. ಯಾರೂ ದೀಪ ಹಚ್ಚಿರುವುದಿಲ್ಲ. ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಹೊಸದು.

"ನೀವೂ ಆ ಮನೆಯವರೇ ಅಲ್ವಾ, ತಾಯಿ ಅಲ್ವಾ, ನೀವೇ ಎತ್ತಿಬಿಡಿ" ಅಂದ ಮೇಷ್ಟ್ರು. ಹೆಂಡತಿ ಇರುವಾಗ ತಾಯಿ ಎತ್ತುವ ಪದ್ಧತಿ ಇಲ್ಲ ಅಂದೆ. ಅದು ನಿಜ. ಇನ್ನೊಂದು ಕಾರಣವನ್ನು ಅವನಿಗೆ ಹೇಳಲಿಲ್ಲ. ಅದು ನಿನಗೆ ಗೊತ್ತು. ಗೊತ್ತಿದ್ದೇ ನೀನು ಫೋನು ಎತ್ತುತ್ತಿಲ್ಲ.

ನೀನು ಮದುವೆಯಾಗಿ ಬಂದ ವರ್ಷದ ಈಸ್ಟರ್. ಎರಡನೇ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದೆ. ಹೊಸ ಪುಸ್ತಕ ಹಿಡಿದುಕೊಂಡು ಖುಷಿಯಾಗಿ ಬಾಯಿ ಬಿಟ್ಟೆ. ಬಂದರಿನ ಗದ್ದಲದಲ್ಲಿ, ಅಷ್ಟು ಎತ್ತರದಿಂದ ಕೂಗಿ ಕೂಗಿ ಪಳಗಿದ ಗಂಟಲು. ನಾವೆಲ್ಲ ಒಂದು ಕಡೆಗೆ ಹೊರಟರೆ ನಿನ್ನ ದನಿ ಬೇರೆ ಊರಿನ ಬಸ್ಸು ಹತ್ತಿತ್ತು. ಮುಂದಿನ ಬೆಂಚಿನವರು ತಿರುಗಿ ನೋಡಿದರು. ನನಗೆ ಅವಮಾನ ಆಯಿತು. ನಿನ್ನ ಕಿವಿಗೆ ಬಗ್ಗಿ, "ಸುಮ್ಮನೆ ಪುಸ್ತಕ ಹಿಡ್ಕೊಂಡು ನಿಂತ್ಕೋ, ಹಾಡ್ಬೇಡ" ಅಂದೆ. ನೀನು ಪುಸ್ತಕ ಮುಚ್ಚಿದ್ದರೆ, ಅತ್ತಿದ್ದರೆ, ನನಗೆ ತಿರುಗಿಸಿ ಅಂದಿದ್ದರೆ ನನಗೆ ಮರೆತುಹೋಗುತ್ತಿತ್ತೇನೋ. ನೀನು ನಿಂತೇ ಇದ್ದೆ. ಎಂಟು ಹಾಡಿಗೂ ಪುಟ ಹುಡುಕಿದೆ, ಬೆರಳಿಟ್ಟುಕೊಂಡು ಸಾಲು ಸಾಲೂ ಓದಿದೆ, ತುಟಿ ಅಲುಗಿಸಲಿಲ್ಲ. ಮುಂದಿನ ಭಾನುವಾರದಿಂದ ಕೊನೆಯ ಬೆಂಚಿಗೆ ಹೋದೆ.

ನನ್ನ ಮಗನಿಗೆ ಗೊತ್ತಾಯಿತು. ನೀನು ಹೇಳಿರುವುದಿಲ್ಲ, ಅವನೇ ನೋಡಿದ್ದ. ಈಸ್ಟರಿನ ಮರುದಿನ ಸಂಜೆ ಗ್ಯಾರೇಜಿನಿಂದ ಬಂದವನು ಕೈ ಕೂಡ ತೊಳೆಯದೆ ನನ್ನ ಮುಂದೆ ನಿಂತ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವನು ಅವನು, ಕ್ವಾಯರಿನಲ್ಲಿ ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಕೈ ಎತ್ತಿ ನಿಲ್ಲಿಸುತ್ತಿದ್ದವನು. ನನ್ನ ಪಕ್ಷವೇ ವಹಿಸುತ್ತಾನೆ ಅಂದುಕೊಂಡೆ. ಅವನು, "ಅಮ್ಮಾ, ಅವಳ ದನಿ ಕೆಟ್ಟಿಲ್ಲ. ಅದು ಬೇರೆ ಗಾಡಿ, ಅಷ್ಟೇ. ನಿನ್ನ ಸ್ಪ್ಯಾನರ್ ಅದಕ್ಕೆ ಹಿಡಿಯಲ್ಲ" ಅಂದ. "ಕ್ರೇನಿನ ಕ್ಯಾಬಿನ್ನಿನಲ್ಲಿ ಒಬ್ಬಳೇ ಕೂತು ಹಾಡ್ತಾಳೆ ಗೊತ್ತಾ? ನಾನು ಊಟದ ಡಬ್ಬಿ ಕೊಡೋಕೆ ಹೋದಾಗ ಕೆಳಗೆ ನಿಂತು ಕೇಳ್ತೀನಿ." ಹನ್ನೊಂದು ವರ್ಷ ನಾನು ನಿನ್ನನ್ನು ಎರಡನೇ ಬೆಂಚಿಗೆ ತಿರುಗಿ ಕರೆಯಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದೆನೇ? ಸಮಾಧಿಯ ಹತ್ತಿರ ಎಲ್ಲರೂ ಹಾಡುವಾಗ ನೀನು ಬಾಯಿ ಮುಚ್ಚಿಕೊಂಡು ನಿಂತಿದ್ದೆ ಎಂದು ಜನರ ಮುಂದೆ ನಿನ್ನನ್ನು ಕೇಳಿದೆ, ಕಟ್ಟಿಕೊಂಡ ಗಂಡನಿಗೆ ಒಂದು ಸಾಲೂ ಇಲ್ಲವೇ, ಕಲ್ಲೇನು ನೀನು ಅಂತ. ಹಾಡಬೇಡ ಎಂದವಳೂ ನಾನೇ, ಯಾಕೆ ಹಾಡಲಿಲ್ಲ ಎಂದವಳೂ ನಾನೇ. ನೀನು ನನ್ನನ್ನು ಒಂದು ಸಲ ನೋಡಿದೆ. ಆ ವಾರವೇ ಬೇರೆ ಬಂದರಿಗೆ ವರ್ಗ ಮಾಡಿಸಿಕೊಂಡು ಹೋದೆ.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ.

ಅವನು ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ಆಸ್ಪತ್ರೆಯಲ್ಲಿ, ಮಧ್ಯಾಹ್ನ ಮೂರು ಗಂಟೆ. ನಾನು ಕೆಳಗೆ ಲಾಂಡ್ರಿಗೆ ಹೋಗಿ, ಆಗಷ್ಟೇ ಇಸ್ತ್ರಿಯಾದ ಹೊದಿಕೆ ಎರಡು ನಾನೇ ಎತ್ತಿಕೊಂಡು ಬಂದೆ. ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ನಿನ್ನ ಬೆನ್ನು ನನ್ನ ಕಡೆಗಿತ್ತು. ನೀನು ಹಾಡುತ್ತಿದ್ದೆ. ನೂರ ಹನ್ನೆರಡು. ತೋಟದಲ್ಲಿ ಅಳುತ್ತಾ ನಿಂತ ಹೆಂಗಸಿನ ಹಾಡು.

ನವೆಂಬರಿನಲ್ಲಿ ಈಸ್ಟರ್ ಹಾಡು! ಹೊತ್ತಲ್ಲದ ಹೊತ್ತಿನಲ್ಲಿ ಅದನ್ನು ಹಾಡಬಾರದು ಅಂತ ಭಾನುವಾರದ ಶಾಲೆಯ ಮಕ್ಕಳ ಕಿವಿ ಹಿಂಡಿದವಳು ನಾನು. ಬಾಗಿಲು ತಳ್ಳಲು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ಪುಸ್ತಕದ ಧಾಟಿ ಅದಲ್ಲ. ಮೊದಲ ಸಾಲು ಅರ್ಧದ ತನಕ ಸರಿ, ಆಮೇಲೆ ನೀನು ನಿನ್ನದೇ ದಾರಿ ಹಿಡಿದೆ. ಏರಬೇಕಾದ ಕಡೆ ಇಳಿದೆ, ಇಳಿಯಬೇಕಾದ ಕಡೆ ಸುಮ್ಮನೆ ನಿಂತುಬಿಟ್ಟೆ. ಅವನು ಕಣ್ಣು ಮುಚ್ಚಿ ಮಲಗಿದ್ದ. ಮಂಚದ ಕಬ್ಬಿಣದ ಕಂಬಿಯ ಮೇಲೆ ಒಂದು ಬೆರಳು ತಾಳ ಹಾಕುತ್ತಿತ್ತು. ನಿನ್ನನ್ನು ತಿದ್ದುತ್ತಿದ್ದಾನೆ ಅಂದುಕೊಂಡೆ. ಅಲ್ಲ. ನಿನ್ನ ಹಿಂದೆ ಬರುತ್ತಿದ್ದಾನೆ. ನೀನು ನಿಂತ ಕಡೆ ಅವನ ಬೆರಳು ನಿಂತಿತು, ನೀನು ಹೊರಟಾಗ ಹೊರಟಿತು. ಆಮೇಲೆ ಅವನೂ ಹಾಡಿದ. ನೀರು ಬೇಕು ಅನ್ನಲು ಉಸಿರಿಲ್ಲದವನು. ನಿನ್ನ ದನಿಯ ಕೆಳಗೆ, ನಿನ್ನ ಸೊಟ್ಟ ಧಾಟಿಗೆ ಸರಿಯಾಗಿ, ಎಲ್ಲಿಯೂ ಬರೆದಿಲ್ಲದ ಒಂದು ಎಳೆಯನ್ನು ಆಗಲೇ ಹೊಸೆದು ಸೇರಿಸಿದ. ಎರಡು ದನಿ. ಒಂದು ಕಡೆಯೂ ಒಂದಕ್ಕೊಂದು ತಗಲಲಿಲ್ಲ. ನಾನು ಹುಟ್ಟಿದಾಗಿನಿಂದ ಹಾಡು ಕೇಳಿದ್ದೇನೆ. ಅಂಥದ್ದನ್ನು ಕೇಳಿಲ್ಲ. ನಾನು ನಿಂತಿದ್ದ ಜಾಗ ನನಗೆ ತಕ್ಕದ್ದಲ್ಲ ಅನಿಸಿತು. ಚಪ್ಪಲಿ ಬಿಟ್ಟು ನಿಂತೆ.

ಮೂರನೇ ಸಾಲಿಗೆ ಬಂದಾಗ ಊಟದ ಟ್ರಾಲಿ ಬಂತು. ಅದರ ಗಡಗಡ ಸದ್ದಿನಲ್ಲಿ ಆ ಸಾಲು ಕೇಳಿಸಲಿಲ್ಲ. ಪ್ರತಿ ಚರಣಕ್ಕೂ ಹಾಗೇ ಆಯಿತು. ಹೊದಿಕೆಗಳನ್ನು ಹೊರಗಿನ ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದು ಹೋದೆ. ಸಂಜೆ ನಾನು ತಿರುಗಿ ಬಂದಾಗ ಹೊದಿಕೆ ಒದ್ದೆ ಇದೆ, ಲಾಂಡ್ರಿಯವರು ಒಣಗಿಸದೆ ಕಳಿಸಿದ್ದಾರೆ ಅಂತ ನೀನು ಗೊಣಗಿದೆ. ನಾನು ಕೆಳಗೆ ಹೋಗಿ ಆ ಹೆಣ್ಣುಮಕ್ಕಳಿಗೆ ಬಾಯಿಗೆ ಬಂದ ಹಾಗೆ ಬೈದು ಬಂದೆ. ನೆನಪಿದೆಯೇ?

ಇದು ನವೆಂಬರಿನ ಮಾತು. ಈಗ ಈ ತಿಂಗಳಿನದು ಕೇಳು.

ಅವನು ಹೋದ ಮೇಲೆ ನಾನು ಹಾಡಿಲ್ಲ. ಕ್ವಾಯರಿನಲ್ಲಿ ಹನ್ನೆರಡು ಹೆಂಗಸರ ಮಧ್ಯೆ ನಿಂತು ಬಾಯಿ ಅಲುಗಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ನಿನಗೆ ಏನು ಮಾಡಿದ್ದೆನೋ ಅದೇ ನನಗೆ ಆಯಿತು. ಮಾರ್ಚ್ ನಾಲ್ಕಕ್ಕೆ, ಬುಧವಾರದ ಅಭ್ಯಾಸದಲ್ಲಿ, ಮೇಷ್ಟ್ರು ನೂರ ಹನ್ನೆರಡನ್ನು ಒಂದು ಸಲ ಹಾಡಿ ನೋಡೋಣ, ಎತ್ತಿ ಅಕ್ಕಾ ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ಆಗಲಿಲ್ಲ. ಬಾಯಿ ತೆರೆದೆ. ಪುಸ್ತಕದ ಧಾಟಿ ಬರಲಿಲ್ಲ ಕಣೇ. ನಲವತ್ತು ವರ್ಷ ಹಾಡಿದ ಧಾಟಿ, ಹುಡುಕಿದರೂ ಇಲ್ಲ. ಬಂದದ್ದು ನಿನ್ನದು.

ಮೇಷ್ಟ್ರ ಬಿಲ್ಲು ತಂತಿಯ ಮೇಲೆ ನಿಂತುಬಿಟ್ಟಿತು. "ಇದೆಲ್ಲಿಂದ ತಂದ್ರಿ ಅಕ್ಕಾ?" ಅಂದ. "ಸುಮ್ಮನೆ ನುಡಿಸು" ಅಂದೆ. ಇನ್ನೊಂದು ಸಲ ಹಾಡಿದೆ. ಬೀಗ ರಿಪೇರಿಯವನು ತಗ್ಗಿನ ದನಿಯಲ್ಲಿ ಬೇಸ್ ಹಾಡುತ್ತಾನಲ್ಲ, ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಗುನುಗುತ್ತಿದ್ದವನು ಒಂದು ಸ್ವರವನ್ನು ಹಿಡಿದು ಕೆಳಗೆ ಇಟ್ಟ, ಮನೆಗೆ ಪಾಯ ಇಟ್ಟ ಹಾಗೆ. ಆಮೇಲೆ ಒಬ್ಬೊಬ್ಬರೇ. ಯಾರಿಗೂ ಯಾರೂ ಕಲಿಸಲಿಲ್ಲ. ಇಪ್ಪತ್ತಾರು ಜನ, ಟ್ಯೂಬ್‌ಲೈಟಿನ ಕೆಳಗೆ, ಮಡಚುವ ಕುರ್ಚಿಗಳ ನಡುವೆ, ನೀನು ಆಸ್ಪತ್ರೆಯಲ್ಲಿ ಹಾಡಿದ್ದನ್ನು ಹಾಡಿದೆವು. ಈ ಧಾಟಿ ಇಷ್ಟು ದಿನ ಎಲ್ಲಿ ಕಾದುಕೊಂಡಿತ್ತು? ಯಾರ ಬಾಯಿಗೆ ಬರೋಣ ಅಂತ ನೋಡಿ ನೋಡಿ, ನಾನು ಮುಚ್ಚಿಸಿದ ಬಾಯಿಯನ್ನೇ ಆರಿಸಿಕೊಂಡಿತೇ?

ಮೂರನೇ ಸಾಲಿಗೆ ಬಂದು ಎಲ್ಲರೂ ನಿಂತೆವು. ಅದು ನನಗೆ ಗೊತ್ತಿಲ್ಲವಲ್ಲ. ಮುರಿದ ಸೇತುವೆಯ ತುದಿಗೆ ಬಂದು ನಿಂತ ಹಾಗೆ. ಮೇಷ್ಟ್ರು ಪಿಟೀಲಿನಲ್ಲಿ ಮೂರು ಬಗೆ ಕಟ್ಟಿ ತೋರಿಸಿದ. ಮೂರೂ ಚೆನ್ನಾಗಿದ್ದವು, ಮೂರೂ ಸುಳ್ಳು. ಬೀಗದವನು ಹೇಳಿದ, "ಕೀಲಿ ಇಲ್ದೆ ಬೀಗ ಒಡೀಬಹುದು ಮೇಷ್ಟ್ರೇ. ಒಡೆದ್ಮೇಲೆ ಅದು ಬೀಗ ಅಲ್ಲ." ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಗೆ ಹಾಕಿದ. ಹೋದ ವಾರವೂ ಅಷ್ಟೇ, ನಿನ್ನೆಯೂ ಅಷ್ಟೇ. ಎರಡು ಸಾಲು ಹಾಡುತ್ತೇವೆ, ನಿಲ್ಲುತ್ತೇವೆ, ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಯಾರೂ ಬೇರೆ ಹಾಡು ಹಾಡೋಣ ಅನ್ನುವುದಿಲ್ಲ.

ಆ ಸಾಲಿನಲ್ಲಿ ಏನಿದೆ ಅಂತ ನಿನಗೆ ಗೊತ್ತು. ಸಮಾಧಿಯಿಂದ ಎದ್ದು ಬಂದ ಪ್ರಭುವನ್ನು ಆ ಹೆಂಗಸು ನೋಡುತ್ತಾಳೆ, ತೋಟದ ಕೆಲಸದವನು ಅಂದುಕೊಳ್ಳುತ್ತಾಳೆ. ಮುಖ ನೋಡಿದರೂ ಗುರುತು ಸಿಗುವುದಿಲ್ಲ. ಆಗ ಆತನು ಅವಳ ಹೆಸರು ಹಿಡಿದು ಕರೆಯುತ್ತಾನೆ. ಅದೇ ಮೂರನೇ ಸಾಲು. ಅವಳಿಗೆ ಗುರುತು ಸಿಕ್ಕಿದ್ದು ದನಿಯಿಂದ. ನಲವತ್ತು ವರ್ಷ ಹಾಡಿದ್ದೇನೆ, ಇದು ನನ್ನ ತಲೆಗೆ ಹೊಳೆದದ್ದು ಈ ತಿಂಗಳು. ಪುಸ್ತಕದಲ್ಲಿ ಆ ಹೆಸರಿನ ಮೇಲೆ ಧಾಟಿ ಕೆಳಗಿಳಿಯುತ್ತದೆ. ನೀನು ಅಲ್ಲಿ ಏನು ಮಾಡಿದೆ? ಏರಿದೆಯಾ, ನಿಂತೆಯಾ? ಅವನು ನಿನ್ನ ಜೊತೆ ಬಂದನೇ? ಅದನ್ನು ತಿಳಿದವರು ಇಬ್ಬರೇ ಇದ್ದರು. ಈಗ ನೀನೊಬ್ಬಳೇ.

ಕೇಳಲು ಹೋದವಳು ಹಾಡು ಸೂಚಿಸಬಾರದು ಅಂತ ಮೇಲೆ ಬರೆದಿದ್ದೇನೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮುರಿದಿದ್ದೇನೆ, ಅದಕ್ಕೆ ನೀನು ಬೈಯಬಹುದು. ನೀನು ಬೇರೆ ನಂಬರು ಹೇಳಿದರೆ ಮುಖ ಸಿಂಡರಿಸದೆ ಅದನ್ನೇ ಬರೆದುಕೊಳ್ಳುತ್ತೇನೆ. ಯಾವುದಾದರೂ ಸರಿ. ಆದರೆ ನೀನೇ ಎತ್ತಬೇಕು, ಹಿಂದಿನ ಬೆಂಚಿನಿಂದ ಅಲ್ಲ, ಎರಡನೇ ಬೆಂಚಿನಿಂದ. ಪಕ್ಕದಲ್ಲಿ ನಾನು ಪುಸ್ತಕ ಹಿಡಿದುಕೊಂಡು ನಿಲ್ಲುತ್ತೇನೆ. ನೀನು ಎಲ್ಲಿಗೆ ಹೋದರೆ ಅಲ್ಲಿಗೆ ಬರುತ್ತೇವೆ. ಮುಂದಿನ ಬೆಂಚಿನವರು ಯಾರಾದರೂ ತಿರುಗಿ ನೋಡಿದರೆ ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಕ್ಷಮಿಸು ಅಂತ ಬರೆಯಲು ಪಾಲಕರು ಹೇಳಿದ್ದರು. ಅವರು ಹೇಳಿದ್ದಕ್ಕೆ ಬರೆದರೆ ಅದು ಅವರದಾಗುತ್ತದೆ. ನೀನು ಬಂದ ಮೇಲೆ ಬಾಯಲ್ಲೇ ಹೇಳುತ್ತೇನೆ. ಜಗಳವಾದರೆ ಆಗಲಿ.

ಈಸ್ಟರಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನದ ರೈಲಿಗೆ ಹೊರಟರೆ ಸಂಜೆ ಆರಕ್ಕೆ ಇಲ್ಲಿರುತ್ತೀಯ. ಕ್ರೇನು ಎರಡು ದಿನ ನಿನ್ನನ್ನು ಬಿಟ್ಟಿದ್ದರೆ ಸಾಯುವುದಿಲ್ಲ. ನಿಮ್ಮ ಕೋಣೆ ಗುಡಿಸಿದ್ದೇನೆ. ಅವನ ಸ್ಪ್ಯಾನರ್ ಪೆಟ್ಟಿಗೆ ಇಟ್ಟಲ್ಲೇ ಇದೆ, ಮುಟ್ಟಿಲ್ಲ.

ಇಂತಿ,
ನಿನ್ನ ಅತ್ತೆ

ಮರೆತದ್ದು: ಟ್ರಾಲಿ ಬಂದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಊಟದ ಟ್ರಾಲಿ ಬರುವುದಿಲ್ಲ, ಮೂವತ್ತೆಂಟು ವರ್ಷ ಅಲ್ಲಿ ದುಡಿದವಳಿಗೆ ಗೊತ್ತಿಲ್ಲವೇ. ಆತನು ಹೆಸರು ಹಿಡಿದು ಕರೆಯುವ ಸಾಲು ಬಂದಾಗಲೆಲ್ಲ ನಾನು ಹೊದಿಕೆಯಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದೆ, ಒಳಗೆ ನಿಮಗೆ ನನ್ನ ಸದ್ದು ಕೇಳಬಾರದು ಅಂತ. ಅದಕ್ಕೇ ನಿಮ್ಮದು ನನಗೆ ಕೇಳಲಿಲ್ಲ. ಲಾಂಡ್ರಿಯ ಹೆಣ್ಣುಮಕ್ಕಳ ತಪ್ಪೇನೂ ಇಲ್ಲ. ಅವರು ಚೆನ್ನಾಗಿಯೇ ಒಣಗಿಸಿ ಕೊಟ್ಟಿದ್ದರು. ಮೊನ್ನೆ ಹೋಗಿ ಅವರಿಗೆ ಹೇಳಿ ಬಂದೆ. ಈಗ ನಿನಗೂ ಹೇಳಿದ್ದೇನೆ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಹಾಡಿನ ಹಾಳೆ ಅಚ್ಚಾಗಬೇಕು. ಏಪ್ರಿಲ್ ಮೂರು, ಶುಕ್ರವಾರದೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.